ಅಪ್ಪ ಹೇಳಿಕೊಟ್ಟ ಇಪ್ಪತ್ತು ತೋಟೆಗಳು

ಸ್ಟೋನಿ ಕೂಲಿ, ಮೊಂಟಾನಾ
ಸೆಪ್ಟೆಂಬರ್ ೬, ೧೯೯೮

ಅಪ್ಪ,

ಮೂರು ಭಾನುವಾರ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು, ನಿನಗೆ ಒಂದಕ್ಷರ ಕೇಳಿಸಲಿಲ್ಲ. ಇನ್ನು ಬರೆಯುತ್ತೇನೆ. ನೀನೂ ಬರಿ.

ಈ ಸಲ ಎಲ್ಕ್ ಕಡವೆಯ ಬೇಟೆಗೆ ಪರವಾನಗಿ ತೆಗೆದುಕೊಂಡಿದ್ದೇನೆ. ನಗಬೇಡ. ಇಪ್ಪತ್ತೆಂಟು ವರ್ಷ ಆಯಿತು ಕೋವಿ ಹಿಡಿದು, ಆದರೆ ಫ್ರೀಜರ್ ಖಾಲಿಯಿದೆ, ಏಪ್ರಿಲ್‌ನಿಂದ ಈ ಮನೆಯಲ್ಲಿ ಒಬ್ಬಳೇ ಕೂತು ಓದಿದ ಕವಿತೆಗಳನ್ನೇ ಓದಿದ್ದೂ ಸಾಕಾಗಿದೆ. ಕೆಳಗಿನ ಹಿಡಿ ಜಗ್ಗಿ ತೋಟೆ ಏರಿಸುವ ನಿನ್ನ ಲಿವರ್ ಕೋವಿಯನ್ನು ಒರೆಸಿ ಎಣ್ಣೆ ಹಾಕಿಟ್ಟೆ. ತೋಟೆ ಮಾತ್ರ ಒಂದೂ ಇಲ್ಲ. ಲಾಯ್ಡ್ ಅಂಗಡಿಗೆ ಹೋಗಿ ಕೇಳಿದರೆ ಅವನು ಕನ್ನಡಕ ಹಣೆಗೇರಿಸಿಕೊಂಡು, "ಆ ಕೋವಿಗಾ? ಮ್ಯೂಸಿಯಮ್ಮಿನೋರನ್ನ ಕೇಳು ತಾಯಿ," ಎಂದ. "ನಿಮ್ಮಪ್ಪ ನಲವತ್ತು ವರ್ಷದಲ್ಲಿ ನನ್ನತ್ರ ಒಂದು ಡಬ್ಬಿ ತೋಟೆ ಕೊಂಡೋನಲ್ಲ. ಎಲ್ಲಾ ಮನೇಲೇ ತುಂಬ್ಕೊಳ್ತಿದ್ದ. ಜುಗ್ಗ."

ಶೆಡ್ಡಿನ ಮೇಜು ನೀನು ಬಿಟ್ಟುಹೋದ ಹಾಗೇ ಇದೆ. ತಕ್ಕಡಿಯ ಮೇಲೆ ಹೊದಿಸಿದ ಅಮ್ಮನ ಟವೆಲ್ಲೂ ಹಾಗೇ. ಖಾಲಿ ತೋಟೆಗಳು ಕಾಫಿ ಡಬ್ಬದಲ್ಲಿವೆ, ನೂರರ ಹತ್ತಿರ. ನನಗೆ ಹೇಳಿಕೊಡು. ಮೊದಲಿನಿಂದ, ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ.

ಗಾರ್ತ್ ಬಂದಿದ್ದ. ಕೋರ್ಟಿನ ವಿಷಯ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಅಣ್ಣ ತಂಗಿ ಹವಾಮಾನದ ಬಗ್ಗೆ ಒಂದು ಗಂಟೆ ಮಾತಾಡಿದೆವು.

ನಿನ್ನ
ಲಿನೇಯಾ


ಗ್ರೇಟ್ ಫಾಲ್ಸ್
ಸೆಪ್ಟೆಂಬರ್ ೧೧

ಮಗಳೇ,

ಕೊನೆಗೂ ಈ ಕುಟುಂಬದಲ್ಲಿ ಒಬ್ಬರಿಗೆ ಬುದ್ಧಿ ಬಂತು. ನಿನ್ನಣ್ಣನಿಗೆ ಹದಿನಾಲ್ಕು ವರ್ಷವಿದ್ದಾಗಲೇ ಹೇಳಿಕೊಡಲು ನೋಡಿದೆ. ಅವನಿಗೆ ಸಹನೆಯಿಲ್ಲ. ವಿಮೆ ಮಾರುವವನಿಗೆ ಸಹನೆ ಏಕೆ ಬೇಕು.

ಮೊದಲು ಮೇಜು. ಅದರ ಮೇಲಿರುವುದನ್ನೆಲ್ಲ ಇಳಿಸು. ಶೆಡ್ಡಿನ ಸ್ಟೋವ್ ಆರಿಸಿ, ತಣ್ಣಗಾಗುವವರೆಗೆ ಕಾಯಿ. ಚಳಿಯಾದರೆ ಎರಡು ಕೋಟು ಹಾಕಿಕೊ. ಸಿಗರೇಟು ಬಿಟ್ಟಿದ್ದೀಯಂತೆ, ನಂಬುತ್ತೇನೆ, ಆದರೂ ಜೇಬು ನೋಡಿಕೊ. ರೇಡಿಯೊ ಬೇಡ. ಯಾರಾದರೂ ಮಾತಾಡಿಸಲು ಬಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಎದ್ದುಬಿಡು. ಈ ಕೆಲಸದಲ್ಲಿ ಬೆರಳು ಕಳೆದುಕೊಂಡವರೆಲ್ಲ ತೋಟೆಗೆ ಮದ್ದು ಹಾಕುವಾಗ ಯಾರಿಗೋ ಉತ್ತರ ಕೊಡುತ್ತಿದ್ದವರು. ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಾರೆ.

ಕೋವಿಮದ್ದಿನ ಡಬ್ಬ ಮೇಜಿನ ಮೇಲೆ ಒಂದೇ ಇರಬೇಕು. ಎರಡು ಇರಲೇಬಾರದು. ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಅದೇ ಡಬ್ಬಕ್ಕೆ ಸುರಿ. ಮದ್ದಿಗೆ ಕಿಡಿ ಕೊಡುವ ಕೇಪುಗಳನ್ನು ಅವು ಬಂದ ಪೆಟ್ಟಿಗೆಯಿಂದ ಸೀಸೆಗೆ ಸುರಿದಿಡಬೇಡ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕಣ್ಣಿಗೆ ದಪ್ಪ ಕನ್ನಡಕ. ನಿನ್ನ ಓದುವ ಕನ್ನಡಕ ಸಾಲದು.

ಕಪಾಟಿನಲ್ಲಿ ನೀಲಿ ರಟ್ಟಿನ ಪುಸ್ತಕವಿದೆ. ಮೊದಲ ಅಧ್ಯಾಯ ಓದು. ಆಮೇಲೆ ಖಾಲಿ ತೋಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡು. ಬಾಯಲ್ಲಿ ಬಿರುಕಿದ್ದರೆ, ಬುಡದ ಹತ್ತಿರ ಹೊಳೆಯುವ ಗೆರೆಯಿದ್ದರೆ ಎಸೆ. ಜುಗ್ಗತನ ಬೇಡ. ಲಾಯ್ಡ್‌ಗೆ ನಾನು ಹಾಗೆ ಹೇಳಿದೆ ಎನ್ನಬೇಡ.

ಈ ವೃದ್ಧಾಶ್ರಮದಲ್ಲಿ ಕಿಟಕಿ ನಾಲ್ಕು ಬೆರಳಷ್ಟು ತೆರೆಯುತ್ತದೆ, ಅಲ್ಲಿಗೆ ಒಂದು ಕಬ್ಬಿಣದ ತುಂಡು ಬಡಿದಿದ್ದಾರೆ. ಬಾಗಿಲಿಗೆ ಸಂಖ್ಯೆ ಒತ್ತಬೇಕು, ಸಂಖ್ಯೆ ನಮಗೆ ಹೇಳುವುದಿಲ್ಲ. ಸೋಮವಾರ ಸೋಮವಾರ ಕರುಗಳನ್ನು ತೂಗಿದ ಹಾಗೆ ನಮ್ಮನ್ನು ತೂಗುತ್ತಾರೆ. ನಾನು ಮಾರ್ಚಿನಲ್ಲಿ ಹಿಮದಲ್ಲಿ ಸಿಕ್ಕಿಹಾಕಿಕೊಂಡದ್ದು ಬೇಲಿ ನೋಡಲು ಹೋಗಿ. ಟ್ರಕ್ಕಿನಲ್ಲಿ ಹುಲ್ಲಿದ್ದದ್ದು ನಿಜ. ಅದು ಹಳೆಯ ಹುಲ್ಲು. ಇಲ್ಲದ ದನಗಳಿಗೆ ಮೇವು ಹಾಕಲು ಹೋದೆ ಎಂದು ಗಾರ್ತ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ.

ಅಪ್ಪ
ಹಾಲ್ವರ್


ಸ್ಟೋನಿ ಕೂಲಿ
ಸೆಪ್ಟೆಂಬರ್ ೨೦

ಅಪ್ಪ,

ಮೇಜು ಖಾಲಿ ಮಾಡಿದೆ. ಅಧ್ಯಾಯ ಎರಡು ಸಲ ಓದಿದೆ. ನೂರರಲ್ಲಿ ಮೂವತ್ತೊಂದು ಎಸೆದೆ. ನೀನಾಗಿದ್ದರೆ ಹತ್ತು ಎಸೆಯುತ್ತಿದ್ದೆ ಎಂದು ಗೊತ್ತು.

ಆಮೇಲೆ ಒಂದು ಅವಮಾನ. ಖಾಲಿ ತೋಟೆಯನ್ನು ಪ್ರೆಸ್ಸಿನ ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತರಬೇಕಲ್ಲ, ಅದಕ್ಕೆ ಮೊದಲು ಎಣ್ಣೆ ಸವರಬೇಕು ಎಂದು ಪುಸ್ತಕ ಹೇಳುತ್ತದೆ. ಒಂಬತ್ತಕ್ಕೆ ಸವರಿದೆ. ಹತ್ತನೆಯದಕ್ಕೆ ಸವರಿದೆ ಅಂದುಕೊಂಡೆ. ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಹಿಡಿಯನ್ನು ಜಗ್ಗಿದೆ, ಮೇಜೇ ಎದ್ದುಬಂತು. ಈಗ ನಿನ್ನ ಅಚ್ಚಿನೊಳಗೆ ಒಂದು ತೋಟೆ ಬಿಗಿದು ಕೂತಿದೆ. ಅದನ್ನು ನೋಡಿದಾಗಲೆಲ್ಲ ನಮ್ಮಿಬ್ಬರಲ್ಲಿ ಯಾರದೋ ಫೋಟೋ ನೋಡಿದ ಹಾಗಾಗುತ್ತದೆ.

ಏನು ಮಾಡಲಿ?

ಲಿನೇಯಾ


ಗ್ರೇಟ್ ಫಾಲ್ಸ್
ಸೆಪ್ಟೆಂಬರ್ ೨೫

ಮಗಳೇ,

ಊಟದ ಮನೆಯಲ್ಲಿ ನಿನ್ನ ಪತ್ರ ಓದಿ ಎಷ್ಟು ನಕ್ಕೆನೆಂದರೆ, ಟ್ರೂಡಿ ಓಡಿಬಂದು ಬೆನ್ನು ತಟ್ಟಿದಳು. ಟ್ರೂಡಿ ಎಂದರೆ ಇಲ್ಲಿ ನಮ್ಮನ್ನು ನೋಡಿಕೊಳ್ಳುವ ಹುಡುಗಿ, ಐವತ್ತರ ಹುಡುಗಿ. "ಗಂಟಲಲ್ಲಿ ಸಿಕ್ಕೊಂತಾ ಅಜ್ಜಾ?" ಎಂದಳು. "ನನ್ನ ಗಂಟಲಲ್ಲಲ್ಲ ಕಣೇ, ನನ್ನ ಮಗಳ ಅಚ್ಚಲ್ಲಿ," ಎಂದೆ.

ಎಲ್ಲರಿಗೂ ಒಮ್ಮೆ ಹೀಗಾಗುತ್ತದೆ. ಅಚ್ಚನ್ನು ಬಿಚ್ಚಿ ತಲೆಕೆಳಗಾಗಿ ಮೇಜಿನಂಚಿನ ಇಕ್ಕಳಕ್ಕೆ ಸಿಕ್ಕಿಸು. ಒಳಗಿನ ಕಡ್ಡಿಯನ್ನು ಆದಷ್ಟು ಹಿಂದಕ್ಕೆ ತಿರುಗಿಸು. ತೋಟೆಯ ಬುಡಕ್ಕೆ ತೂತು ಕೊರೆದು, ಒಳಗೆ ತಿರುಪಿನ ಗೆರೆ ಕೊಯ್ದು, ಒಂದು ಬೋಲ್ಟು ಹಾಕಿ ನಿಧಾನ ಬಿಗಿ. ಅದೇ ಎಳೆದುಕೊಂಡು ಬರುತ್ತದೆ. ಸುತ್ತಿಗೆಯಲ್ಲಿ ಬಡಿಯಬೇಡ.

ಇನ್ನು ಮದ್ದು. ಕೆಂಪು ಚೀಟಿ ಅಂಟಿಸಿದ ಡಬ್ಬ ತೆಗೆದುಕೊ. ಒಂದು ತೋಟೆಗೆ ಎಷ್ಟು ಎಂಬ ಅಂಕಿಗಾಗಿ ಪುಸ್ತಕ ಹುಡುಕಬೇಡ. ಪುಸ್ತಕದವರು ವಕೀಲರಿಗೆ ಹೆದರಿ ಬರೆಯುತ್ತಾರೆ. ನಮ್ಮ ಮನೆಯ ಅಂಕಿ ನನ್ನ ತಲೆಯಲ್ಲಿದೆ, ನಮ್ಮಪ್ಪ ಕೊಟ್ಟದ್ದು, ನಾನು ಮತ್ತು ನನ್ನ ತಮ್ಮ ನಿಲ್ಸ್ ಹಾಕುತ್ತಿದ್ದದ್ದು. ನಮ್ಮ ಕಣಿವೆಯಲ್ಲಿ ಪ್ರತಿ ಮನೆಗೂ ಒಂದು ಅಂಕಿ ಇದೆ. ಬೇರೆ ಚೀಟಿಯಲ್ಲಿ ದೊಡ್ಡದಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹಾಲ್ವರ್ ಬರೆದ ಅಂಕಿ ತಪ್ಪಾದದ್ದಿಲ್ಲ.

ತಕ್ಕಡಿ ಸೊನ್ನೆಗೆ ನಿಂತಿದೆಯೇ ನೋಡಿಕೊ. ಫ್ಯಾನಿನ ಗಾಳಿ ತಾಕಬಾರದು. ತೂತು ಹಲಗೆಯಲ್ಲಿ ಇಪ್ಪತ್ತು ತೋಟೆ ನಿಲ್ಲಿಸಿ ಮದ್ದು ಹಾಕಿದ ಮೇಲೆ, ಟಾರ್ಚ್ ಹಿಡಿದು ಎಲ್ಲದರ ಬಾಯೊಳಗೂ ಇಣುಕು. ಮಟ್ಟ ಒಂದೇ ಇರಬೇಕು. ಆಮೇಲೆ ಗುಂಡು ಕೂರಿಸು.

ವಿಚಾರಣೆ ಅಕ್ಟೋಬರ್ ೧೬ಕ್ಕೆ. ಎಂಬತ್ತೊಂದು ವರ್ಷದವನಿಗೆ ಗಾರ್ತ್ ಪೋಷಕನಾಗಬೇಕಂತೆ. ನನ್ನ ತಲೆ ಸರಿಯಿದೆ ಎಂದು ನ್ಯಾಯಾಧೀಶರು ಹೇಳಿದರೆ ನಾನು ಮನೆಗೆ. ಜೊತೆಯಲ್ಲಿ ಯಾರಾದರೂ ಇರಬೇಕು, ಅಷ್ಟೇ ಷರತ್ತು. ನೀನಿದ್ದೀಯಲ್ಲ.

ಅಪ್ಪ


ಸ್ಟೋನಿ ಕೂಲಿ
ಅಕ್ಟೋಬರ್ ೩

ಅಪ್ಪ,

ಬೋಲ್ಟು ಕೆಲಸ ಮಾಡಿತು. "ಟಪ್" ಎಂದು ಕಿತ್ತು ಬಂದಾಗ ನಾನು ಶೆಡ್ಡಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಇಪ್ಪತ್ತು ತೋಟೆ ತಯಾರಾಗಿವೆ. ನೀನು ಹೇಳಿದ ಕ್ರಮದಲ್ಲೇ. ಚೀಟಿಯ ಅಂಕಿಯನ್ನೇ ತೂಗಿ ಹಾಕಿದೆ, ಟಾರ್ಚ್ ಹಿಡಿದು ಇಣುಕಿದೆ, ಮಟ್ಟ ಒಂದೇ ಇತ್ತು. ಒಂದೇ ಒಂದು ಸಂಶಯ. ಮದ್ದು ಕತ್ತಿನವರೆಗೂ ಬಂದಿತ್ತು. ಗುಂಡು ಕೂರಿಸುವಾಗ ಕೊನೆಯಲ್ಲಿ ಹಿಡಿ ಸ್ವಲ್ಪ ತಡೆಯಿತು, ಒಳಗೆ ಕರಕರ ಅಂದಿತು. ಬೆಳಗಿನ ಗಟ್ಟಿ ಹಿಮದ ಮೇಲೆ ಕಾಲಿಟ್ಟ ಹಾಗೆ. ಇಪ್ಪತ್ತರಲ್ಲೂ ಹಾಗೇ ಆಯಿತು. ಅದು ಸರಿಯಾ?

ಮುಂದಿನ ಶನಿವಾರ ಮನೆ ಹಿಂದಿನ ಗುಡ್ಡದಲ್ಲಿ ಗುರಿ ನೋಡೋಣ ಎಂದಿದ್ದೇನೆ. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ಮಿಜೌಲಾದಿಂದ ಕಾಲೇಜಿನವರ ಕಾಗದ ಬಂದಿದೆ. ಅದರ ಬಗ್ಗೆ ಇನ್ನೊಮ್ಮೆ.

ಲಿನೇಯಾ


ಗ್ರೇಟ್ ಫಾಲ್ಸ್
ಅಕ್ಟೋಬರ್ ೭

ಮಗಳೇ,

ಒಳ್ಳೆಯ ಸುದ್ದಿ. ವಕೀಲೆ ಬಂದಿದ್ದಳು. ಡಾಕ್ಟರು ನನ್ನ ಬಗ್ಗೆ ಏನೇನೋ ಬರೆದಿದ್ದಾನೆ. ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಹೇಳು ಎಂದ. ಒಂದು ಸೇಬು, ಇನ್ನೆರಡು ಯಾರಿಗೆ ಬೇಕು. ಇವತ್ತು ಯಾವ ತಾರೀಖು ಎಂದ. ದಿನಾ ಅದೇ ಗಂಜಿ ಕೊಟ್ಟು ತಾರೀಖು ಕೇಳುತ್ತಾರೆ.

ನಾನು ನಿನಗೆ ಬರೆಯುತ್ತಿರುವುದನ್ನು ವಕೀಲೆಗೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದಳು. "ಆ ಪತ್ರಗಳು ಇದಾವಾ? ಇಟ್ಕೊಂಡಿದಾರಾ?" ಎಂದಳು. "ಇಂಥ ಅಪಾಯದ ಕೆಲಸಾನ ಹಂತಹಂತವಾಗಿ ಬರೆದು ಕಲಿಸೋರ ತಲೆ ಕೆಟ್ಟಿದೆ ಅಂತ ಯಾವ ನ್ಯಾಯಾಧೀಶರೂ ಹೇಳಲ್ಲ." ಅಂಕಿಯ ಚೀಟಿ ಮುಖ್ಯವಂತೆ, ಏನೂ ನೋಡದೆ ಜ್ಞಾಪಕದಿಂದ ಬರೆದದ್ದು. ಎಲ್ಲವನ್ನೂ ಮುಂದಿನ ಬುಧವಾರದೊಳಗೆ ಅವಳ ಆಫೀಸಿಗೆ ಕೊಡು.

ಟ್ರೂಡಿಗೆ ಹೇಳಿಬಿಟ್ಟೆ, ಹದಿನೇಳಕ್ಕೆ ನನ್ನ ಹಾಸಿಗೆ ಬೇರೆಯವರಿಗೆ ಕೊಡು ಅಂತ. "ನನ್ನ ಬಿಟ್ಟು ಹೋಗ್ತೀಯಾ ಅಜ್ಜಾ, ಎಂಥ ಕಲ್ಲುಹೃದಯ ನಿಂದು," ಎಂದು ಅತ್ತ ಹಾಗೆ ಮಾಡಿದಳು.

ಮೇಲಿನ ಕೋಣೆಯ ಕಿಟಕಿ ತೆರೆದಿಡು. ಪೂರ್ತಿ.

ಅಪ್ಪ


ಸ್ಟೋನಿ ಕೂಲಿ
ಅಕ್ಟೋಬರ್ ೧೦

ಅಪ್ಪ,

ಕರಕರ ಸದ್ದಿನ ಬಗ್ಗೆ ನೀನು ಏನೂ ಬರೆಯಲಿಲ್ಲ. ಮರೆತೆಯಾ, ಅಥವಾ ಉತ್ತರ ಕೊಡುವಂಥದ್ದಲ್ಲ ಎಂದುಕೊಂಡೆಯಾ, ತಿಳಿಯದೆ ಗುರಿ ನೋಡಲು ಹೋಗಲಿಲ್ಲ. ಕೇಪು ತರುವ ನೆಪದಲ್ಲಿ ಲಾಯ್ಡ್ ಹತ್ತಿರ ಹೋಗಿ ನಿನ್ನ ಚೀಟಿ ತೋರಿಸಿದೆ. ಅವನು ಅದನ್ನು ಗಲ್ಲಾದ ಮೇಲಿಟ್ಟು, ಎರಡು ಕೈಯನ್ನೂ ಅದರ ಪಕ್ಕ ಊರಿ ನಿಂತ.

"ಹೊಡೆದಿದೀಯಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

"ದೇವರು ದೊಡ್ಡವನು," ಎಂದ. ನಗಲಿಲ್ಲ. "ಇದು ಆ ಕೋವೀದಲ್ಲ ತಾಯಿ. ನಿಮ್ಮ ಚಿಕ್ಕಪ್ಪಂದು ಒಂದು ದೊಡ್ಡ ಕೋವಿ ಇತ್ತು ನೋಡು, ಬೋಲ್ಟಿಂದು, ಪಕ್ಕದ ಚಿಲಕ ಎಳೆಯೋದು, ಅದರದ್ದು. ಹಸಿರು ಚೀಟಿ ಮದ್ದಿಗೆ ಆ ಅಂಕಿ ಸರಿ. ನಿಂದು ಸಣ್ಣ ತೋಟೆ, ಕೆಂಪು ಚೀಟಿ ಬೇಗ ಉರಿಯೋ ಮದ್ದು. ಕೆನ್ನೆ ಇಟ್ಕೊಂಡು ಕೋವಿ ಕುದುರೆ ಎಳೆದಿದ್ದರೆ ತೋಟೆ ಹಿಂದಿನ ಬೀಗ ಕಿತ್ತು ಹಿಂದಕ್ಕೆ ಬಂದು ಮುಖದಲ್ಲಿ ಇರ್ತಿತ್ತು."

ಮನೆಗೆ ಬಂದು ನೀಲಿ ಪುಸ್ತಕ ತೆಗೆದೆ. ಮೊದಲೇ ತೆಗೆಯಬೇಕಿತ್ತು, ಅದು ನನ್ನ ತಪ್ಪು. ಪುಸ್ತಕ ಇದರಾಚೆ ಹೋಗಬೇಡ ಎನ್ನುವ ಗೆರೆಗಿಂತ ನಿನ್ನ ಅಂಕಿ ಆರು ಗ್ರೇನ್ ತೂಕ ಮೇಲಿದೆ. ಅಪ್ಪ, ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಾ ಕೂತೆ. ಪುಸ್ತಕದ್ದೇ ತಪ್ಪಿರಲಿ ಎಂದು ಬೇರೆ ಪುಟಗಳನ್ನೂ ತಿರುವಿದೆ.

ವಕೀಲೆಗೆ ಪತ್ರಗಳನ್ನು ಕೊಟ್ಟಿಲ್ಲ. ಚೀಟಿಯನ್ನು ಬಿಟ್ಟು ಉಳಿದದ್ದನ್ನು ಕೊಡಬಹುದು, ಯಾರಿಗೂ ತಿಳಿಯುವುದಿಲ್ಲ. ಲಾಯ್ಡ್ ಬಾಯಿ ಬಿಡುವವನಲ್ಲ. ನೀನು ಮನೆಗೆ ಬರುತ್ತೀಯ, ಶೆಡ್ಡಿಗೆ ಹೋಗುತ್ತೀಯ, ನಾನು ನಿನ್ನ ಹಿಂದೆ ನಿಂತು ಪ್ರತಿ ಅಂಕಿಯನ್ನೂ ನೋಡಬೇಕಾಗುತ್ತದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಾಲೇಜಿನವರು ಜನವರಿಯಿಂದ ಮತ್ತೆ ಪಾಠ ಮಾಡಲು ಬರುತ್ತೀಯಾ ಎಂದು ಕೇಳಿದ್ದಾರೆ. ನವೆಂಬರ್ ಒಂದರೊಳಗೆ ಉತ್ತರ ಕೊಡಬೇಕು. ನೀನು ಬಂದರೆ ನಾನು ಇಲ್ಲಿ. ಹಾಗಾಗಿ ಈ ತಪ್ಪನ್ನು ನಿನಗೆ ಹೇಳುತ್ತಿರುವುದು ನಿನ್ನ ಜೀವಕ್ಕೆ ಹೆದರಿಯೋ, ನನ್ನ ಬಿಡುಗಡೆಗೆ ದಾರಿ ಸಿಕ್ಕಿತೆಂದೋ, ಪುಸ್ತಕದಲ್ಲಿ ನೋಡಿ ಹೇಳುವಂಥ ವಿಷಯವಲ್ಲ ಅದು. ನನಗೆ ಗೊತ್ತಿಲ್ಲ.

ಇಪ್ಪತ್ತೂ ಡಬ್ಬಿಯಲ್ಲಿವೆ. ಏನು ಮಾಡಲಿ, ನೀನೇ ಹೇಳು.

ಲಿನೇಯಾ


ಗ್ರೇಟ್ ಫಾಲ್ಸ್
ಅಕ್ಟೋಬರ್ ೧೨

ಲಿನೇಯಾ,

ಲಾಯ್ಡ್ ಒಬ್ಬ ಮೊಳೆ ಮಾರುವವನು. ಅವನಿಗೆ ಕೋವಿಯ ಬಗ್ಗೆ ಏನು ಗೊತ್ತು. ಅಂಕಿ ಸರಿಯಿದೆ. ನಿನಗೆ ಕಾಲೇಜಿಗೆ ಹೋಗಬೇಕಿದ್ದರೆ ನೇರವಾಗಿ ಹೇಳಬಹುದಿತ್ತು. ಅಣ್ಣನ ಜೊತೆ ಸೇರಿಕೊಂಡು ಮುದುಕನ ಕಾಲಿಗೆ ಹಗ್ಗ ಕಟ್ಟುವುದು ಬೇಕಿರಲಿಲ್ಲ.

ಮರುದಿನ.

ಮೇಲಿನದನ್ನು ಹರಿಯಬೇಕೆಂದಿದ್ದೆ. ಇರಲಿ, ಕಳಿಸುತ್ತೇನೆ.

ಬೆಳಿಗ್ಗೆ ಟ್ರೂಡಿ ಗಡ್ಡ ಕೆರೆಯಲು ಬಂದಳು. ನಿನ್ನ ಮೇಲಿನ ಸಿಟ್ಟನ್ನು ಅವಳ ಮುಂದೆ ಕಾರಿದೆ. "ಯಾವ ಕೋವಿ ಅಜ್ಜಾ ಅದು?" ಎಂದಳು. ಹೇಳಿದೆ. ವಾಲ್ನಟ್ ಮರದ ಹಿಡಿ, ಬೆರಳಿಡುವಲ್ಲಿ ಒಂದು ಕಚ್ಚು, ಬೋಲ್ಟ್ ಎತ್ತಿ ಹಿಂದಕ್ಕೆ ಎಳೆದರೆ ಬೆಣ್ಣೆಯ ಹಾಗೆ ಬರುತ್ತದೆ ಎಂದು. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ಲಿವರ್ ಕೋವಿಗೆ ಬೋಲ್ಟ್ ಇಲ್ಲ. ನಾನು ಹೇಳುತ್ತಿದ್ದದ್ದು ನಿಲ್ಸನ ಕೋವಿ. ಅವನು ಸತ್ತ ವರ್ಷ, ೧೯೬೧ರಲ್ಲಿ, ನಾನೇ ಅದನ್ನು ಮಾರಿದೆ. ನಿನಗೆ ಪತ್ರ ಬರೆಯುವಾಗ ಅದು ನನ್ನ ಮಂಡಿಯ ಮೇಲಿತ್ತು ಮಗಳೇ. ಈಗಲೂ ಅದರ ತೂಕ ತಿಳಿಯುತ್ತದೆ.

ಟ್ರೂಡಿ ಅರ್ಧ ಗಡ್ಡಕ್ಕೆ ನಿಂತಳು. ಆಮೇಲೆ ಮಿಕ್ಕದ್ದನ್ನು ಮುಗಿಸಿದಳು.

ನಿನ್ನ ಪ್ರಶ್ನೆಗೆ ಉತ್ತರ. ಮೇಜಿನ ಕೆಳಗಿನ ಖಾನೆಯಲ್ಲಿ ಗುಂಡು ಕೀಳುವ ಸುತ್ತಿಗೆ ಇದೆ. ತೋಟೆಯನ್ನು ಅದರ ತಲೆಯಲ್ಲಿ ಸಿಕ್ಕಿಸಿ ಗಟ್ಟಿ ಮರದ ಮೇಲೆ ಬಡಿ. ಕನ್ನಡಕ ಹಾಕಿಕೊ. ಇಪ್ಪತ್ತನ್ನೂ ಕಿತ್ತುಹಾಕು. ಮದ್ದನ್ನು ಡಬ್ಬಕ್ಕೆ ಮತ್ತೆ ಹಾಕಬೇಡ, ಅಂಗಳದಲ್ಲಿ ತೆಳ್ಳಗೆ ಎರಚಿಬಿಡು.

ಒಟ್ಟಿಗೆ ತುಂಬಿದ ಒಂದು ಸರದಿಯಲ್ಲಿ ಒಂದು ತೋಟೆ ತಪ್ಪಾಗಿದ್ದರೆ, ಉಳಿದವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಆರಿಸಿ ಇಟ್ಟುಕೊಳ್ಳುವುದಿಲ್ಲ. ಎಲ್ಲವನ್ನೂ ಕೀಳುತ್ತೇವೆ. ನನ್ನ ಪತ್ರಗಳೂ ಒಂದೇ ಸರದಿಯವು. ಬೇಲಿಯ ಕಥೆಯೂ ಅದೇ ಸರದಿಯದ್ದಿರಬಹುದು. ಚೀಟಿ ಬಿಟ್ಟು ಉಳಿದದ್ದನ್ನು ಕೊಡುವ ಮಾತು ಬೇಡ. ಎಲ್ಲವನ್ನೂ ಕೊಡು, ಇದನ್ನೂ ಸೇರಿಸಿ. ವಕೀಲೆಗೆ ನಾನು ಹೇಳುತ್ತೇನೆ, ಜಗಳ ಬೇಡ ಎಂದು. ಗಾರ್ತ್ ಎಲ್ಲಿ ಸಹಿ ಹಾಕು ಎನ್ನುತ್ತಾನೋ ಅಲ್ಲಿ ಹಾಕುತ್ತೇನೆ.

ನೀನು ಮಿಜೌಲಾಕ್ಕೆ ಹೋಗು. ಏಕೆ ಹೇಳಿದೆ ಎಂದು ತಲೆ ಕೆಡಿಸಿಕೊಳ್ಳಬೇಡ. ಹೇಳಿದೆಯಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಪ್ರಶ್ನೆ ಕಳಿಸುತ್ತಿರು. ನಾನು ಉತ್ತರ ಬರೆಯುತ್ತೇನೆ, ನೀನು ಪುಸ್ತಕ ನೋಡು, ತಪ್ಪಿದ್ದರೆ ಹೇಳು. ಪ್ರತಿ ಸಲ ಹೇಳು, ಅಪ್ಪ ಬೇಜಾರು ಮಾಡಿಕೊಳ್ಳುತ್ತಾನೆ ಎಂದು ಬಿಡಬೇಡ. ಎಲ್ಲಿಯವರೆಗೆ ನೀನು ತಪ್ಪು ತೋರಿಸುತ್ತೀಯೋ ಅಲ್ಲಿಯವರೆಗೆ ನನ್ನ ಜೊತೆ ಮಾತಾಡಬಹುದು ಎಂದು ನನಗೆ ತಿಳಿಯುತ್ತದೆ.

ಅಪ್ಪ


ಸ್ಟೋನಿ ಕೂಲಿ
ನವೆಂಬರ್ ೮

ಅಪ್ಪ,

ಕೋರ್ಟಿನಲ್ಲಿ ನೀನು ಸಹಿ ಹಾಕಿದ ಮೇಲೆ ಗಾರ್ತ್ ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತ. ನಿನಗೆ ಹೇಳಬೇಡ ಎಂದ, ಹೇಳುತ್ತಿದ್ದೇನೆ. "ನಾನು ಗೆದ್ದೆ ಅಂತ ಯಾರಾದರೂ ಅಂದರೆ ಹಲ್ಲು ಉದುರಿಸ್ತೀನಿ ಕಣೇ," ಎಂದ.

ಇಪ್ಪತ್ತನ್ನೂ ಕಿತ್ತೆ. ಪುಸ್ತಕದ ಅತಿ ಕಡಿಮೆ ಅಂಕಿಯಿಂದ ಶುರುಮಾಡಿ ಹೊಸದಾಗಿ ಹತ್ತು ತುಂಬಿದೆ. ಕರಕರ ಅನ್ನಲಿಲ್ಲ. ಬೇಟೆಯ ಕಾಲ ಶುರುವಾದ ಎರಡನೆಯ ಶನಿವಾರ ಬೆಳಗಿನ ಜಾವ ಒಂದು ಹೆಣ್ಣು ಎಲ್ಕ್ ಸಿಕ್ಕಿತು, ಒಂದೇ ಗುಂಡು. ಗುಡ್ಡದಿಂದ ಹೊರೆ ಹೊತ್ತು ಇಳಿಸಲು ಲಾಯ್ಡ್ ಬಂದಿದ್ದ. ಅರ್ಧ ಮಾಂಸ ಅವನಿಗೆ ಕೊಟ್ಟೆ. "ಜುಗ್ಗನ ಮಗಳು ಅನ್ನಲ್ಲ ಇನ್ನ," ಎಂದ.

ನಿನ್ನ ಕಳೆದ ಪತ್ರದ ಒಂಬತ್ತು ಉತ್ತರಗಳಲ್ಲಿ ಎರಡು ತಪ್ಪು. ಖಾಲಿ ತೋಟೆಯ ಉದ್ದ ಅಳೆಯುವುದು ಅಚ್ಚಿಗೆ ಒತ್ತಿದ ಮೇಲೆ, ಮೊದಲಲ್ಲ. ಮತ್ತು ಕೇಪು ಬುಡದ ಮಟ್ಟಕ್ಕಿಂತ ಮೇಲೆ ಇರಬಾರದು, ನೀನು ಇರಲಿ ಎಂದಿದ್ದೀಯ. ಉಳಿದ ಏಳೂ ಸರಿ. ಅಮ್ಮನ ಹುಟ್ಟಿದ ತಾರೀಖೂ ಸರಿ.

ಮಿಜೌಲಾಕ್ಕೆ ಬರುತ್ತೇನೆಂದು ಬರೆದು ಹಾಕಿದೆ. ಕ್ರಿಸ್‌ಮಸ್ ಕಳೆದ ಮೇಲೆ ಮನೆಯ ನೀರು ನಿಲ್ಲಿಸಿ ಬೀಗ ಹಾಕುತ್ತೇನೆ.

ಲಿನೇಯಾ


ಗ್ರೇಟ್ ಫಾಲ್ಸ್
ಫೆಬ್ರವರಿ ೧೯

ಮಗಳೇ,

ನಿನ್ನ ಪ್ರಶ್ನೆ ಬಂತು. ಕೆಂಪು ಡಬ್ಬ ಹಸಿರು ಡಬ್ಬ ಎರಡನ್ನೂ ಮೇಜಿನ ಮೇಲೆ ಇಡು, ಹತ್ತಿರ ಇದ್ದರೆ ಅನುಕೂಲ. ಸ್ಟೋವ್ ಹಚ್ಚಿಕೊ, ಚಳಿ ಬಹಳ. ಅಂಕಿ ನಿಲ್ಸನನ್ನು ಕೇಳು, ಅವನಿಗೆ ಗೊತ್ತು. ದನಕ್ಕೆ ಹುಲ್ಲು ಹಾಕಿ ಬಂದ ಮೇಲೆ ಅವನು ಶೆಡ್ಡಿನಲ್ಲೇ ಇರುತ್ತಾನೆ. ನಾನೂ ಬರುತ್ತಿದ್ದೆ, ಇಲ್ಲಿ ಬಾಗಿಲು ಬಿಗಿದುಕೊಂಡಿದೆ. ಹಿಮ ಕರಗಿದರೆ ಬಿಡಬಹುದು.

ತಪ್ಪಿದ್ದರೆ ಹೇಳು. ಹೇಳು ಅಂದಿದ್ದೆ, ನೆನಪಿದೆ.

ಅಪ್ಪ


ಮಿಜೌಲಾ
ಫೆಬ್ರವರಿ ೨೬, ೧೯೯೯

ಅಪ್ಪ,

ನಿನ್ನ ಪತ್ರ ಬಂತು. ಪುಸ್ತಕ ತೆಗೆದು ಒಂದೊಂದು ಸಾಲನ್ನೂ ನೋಡಿದೆ.

ಎಲ್ಲಾ ಸರಿಯಾಗಿದೆ.

ನಿನ್ನ
ಲಿನೇಯಾ